ಕಂಡಕ್ಟರಕ್ಕನಿಗೆ ಕಾಲಷ್ಟೇ ಅಲ್ಲ, ಮನಸ್ಸೂ ನೋಯುತ್ತಿತ್ತು

ಬೆಳಗಿನ ಬಸ್ಸು ಬೀದಿಯ ತಿರುವಿಗೆ ಬಂದರೆ ಸಾಕು, ಕಂಡಕ್ಟರಕ್ಕ ಮನೆಯ ಕಿಟಕಿಗೆ ಬೆನ್ನು ಹಾಕಿ ಮಲಗುತ್ತಿದ್ದಳು. ಅಪಘಾತದಲ್ಲಿ ಅವಳ ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಗಿತ್ತು. ಕಿವಿ ಮಾತ್ರ ಬಸ್ಸಿನಲ್ಲೇ ಇತ್ತು. "ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಬನ್ನಿ" ಎಂದು ಬೇರೆ ಯಾರೋ ಕೂಗಿದರೆ ಹೊದಿಕೆ ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಆ ನೂಕುನುಗ್ಗಲು, ಚಿಲ್ಲರೆ ಜಗಳ, "ಊಟ ಆಯ್ತೇನಮ್ಮ" ಎನ್ನುತ್ತಿದ್ದ ಹಿಂದಿನ ಸೀಟಿನ ಅಜ್ಜಿ, ಎಲ್ಲಕ್ಕೂ ಜೀವ ಹಂಬಲಿಸುತ್ತಿತ್ತು.

ನೋವಿಗೆಂದು ಶುರುವಾದ ಒಂದು ಗುಟುಕು ಹೆಂಡ ಆಮೇಲೆ ನಿದ್ದೆಗೆ ಬೇಕಾಯಿತು. ಕೊನೆಗೆ ಎದ್ದು ಕೂರುವುದಕ್ಕೂ ಬೇಕಾಯಿತು. ಬಾಟಲಿ ಮಂಚದಡಿ, ಹಳೇ ಬಟ್ಟೆಗಳ ಮರೆಯಲ್ಲಿತ್ತು. ಮನೆಗಳಿಗೆ ಬಣ್ಣ ಬಳಿಯುವ ಗಂಡನಿಗೆ ಎಲ್ಲವೂ ಗೊತ್ತಿತ್ತು, ಗೊತ್ತಿಲ್ಲದವನಂತೆ ಇದ್ದ.

ಗಾಯದ ಪಟ್ಟಿ ಬದಲಿಸಲು ಬಂದ ನರ್ಸಕ್ಕ ಒಂದು ದಿನ ಕೇಳಿದಳು.

"ವಾಸನೆ ಬರ್ತಿದೆ ಕಣಕ್ಕ. ಬೈಯೋಕೆ ಬಂದಿಲ್ಲ ನಾನು. ಊಟ ಸೇರುತ್ತಾ?"

"ಯಾಕಾದ್ರೂ ಬೆಳಗಾಗುತ್ತೋ ಅನ್ಸುತ್ತೆ."

"ಸಾಯೋ ಯೋಚನೆ ಬರುತ್ತಾ?"

ಅವಳು ಗೋಡೆ ನೋಡುತ್ತಲೇ ಹೌದೆಂದು ತಲೆಯಾಡಿಸಿದಳು.

ಬಾಗಿಲಲ್ಲಿ ನಿಂತಿದ್ದ ಗಂಡ, "ಸುಮ್ನೆ ಕೂತರೆ ಹೀಗೇ. ಮನಸ್ಸು ಗಟ್ಟಿ ಮಾಡ್ಕೋಬೇಕು" ಎಂದ.

"ಅಣ್ಣ, ಕಾಲು ಹೋದಾಗ ಗಟ್ಟಿ ಮಾಡ್ಕೋ ಅಂತ ಮನೇಲೇ ಕೂರಿಸಿದ್ರಾ? ಎತ್ಕೊಂಡು ಓಡಿದ್ರಿ. ಇದೂ ಕಾಯಿಲೆನೇ, ಇದಕ್ಕೂ ಔಷಧಿ ಇದೆ."

"ಹಾಗಾದ್ರೆ ಬಾಟಲಿ ಈಗಲೇ ಚೆಲ್ತೀನಿ."

"ಬೇಡಿ. ದಿನಾ ಕುಡಿಯೋರು ದಿಢೀರ್ ಅಂತ ಬಿಟ್ರೆ ಫಿಟ್ಸ್ ಬರಬಹುದು. ಡಾಕ್ಟರ್ ಹೇಳಿದ ಹಾಗೇ ಬಿಡಿಸಬೇಕು. ಇವತ್ತೇ ಹೋಗೋಣ. ಅಲ್ಲೀವರೆಗೆ ಇವರೊಬ್ಬರನ್ನೇ ಬಿಡಬೇಡಿ."

ಗಂಡ ಹೆಂಡತಿಯ ಪಕ್ಕ ಕುಳಿತ. "ಹೆಂಗಸು ಕುಡೀತಾಳೆ ಅಂದ್ರೆ ಜನ ಏನಂತಾರೋ ಅಂತ ಯೋಚಿಸ್ತಾ ಇದ್ದೆ. ನಿನ್ನ ಮುಖ ನೋಡಲೇ ಇಲ್ಲ ಕಣೇ."

ಕಾಲು ಹೋದ ಮೇಲೆ ಅವಳು ಅವನೆದುರು ಅತ್ತದ್ದು ಅದೇ ಮೊದಲು.

ಚಿಕಿತ್ಸೆ ಸಲೀಸಾಗಿರಲಿಲ್ಲ. ನಡುವೆ ಒಮ್ಮೆ ಮತ್ತೆ ಕುಡಿದಳು. ಡಾಕ್ಟರು ಬೈಯದೆ, "ಬಂದ್ರಲ್ಲ, ಅದೇ ದೊಡ್ಡದು" ಎಂದರು. ಈಗ ಕೃತಕ ಕಾಲು ಹಾಕಿಕೊಂಡು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುತ್ತಾಳೆ. "ಈ ಕಾಲಿಗೆ ಸೊಳ್ಳೆ ಕಚ್ಚಲ್ಲ" ಎಂದು ನಗಿಸುತ್ತಾಳೆ. ಓಡಾಡಿದ ಆ ದಿನಗಳು ಈಗಲೂ ಬೇಕೆನಿಸುತ್ತವೆ. ಹಾಗನಿಸಿದ ದಿನ ಗಂಡನ ಹತ್ತಿರ ಹೇಳಿಕೊಳ್ಳುತ್ತಾಳೆ.

ನಿಮ್ಮ ಮನೆಯಲ್ಲೂ ಗಂಡಾಗಲಿ ಹೆಣ್ಣಾಗಲಿ, ಹೀಗೆ ಗೋಡೆಗೆ ಮುಖ ಮಾಡಿ ಮಲಗಿದವರು ಇರಬಹುದು. ಬೈಯಬೇಡಿ, ಮುಚ್ಚಿಡಬೇಡಿ. ಪಕ್ಕ ಕುಳಿತು ಕೇಳಿ. ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಲಗಿರುವವರು ನೀವೇ ಆಗಿದ್ದರೆ, ಇವತ್ತೇ ಯಾರಾದರೂ ಒಬ್ಬರಿಗೆ ಹೇಳಿ.