ಅಕ್ಕಯಮ್ಮ ಮೊಮ್ಮಗಳ ಕಾಲು ಅಳೆದದ್ದು

ಸುಬ್ರಹ್ಮಣ್ಯಪುರದ ಅಕ್ಕಯಮ್ಮನಿಗೆ ಅನುಮಾನ ಅನ್ನುವುದು ಹುಟ್ಟುಗುಣ. ಹಾಲಿನವನು ಬೇಗ ಬಂದರೂ ಅನುಮಾನ, ತಡವಾಗಿ ಬಂದರೂ ಅನುಮಾನ. ಹೀಗಿರುವಾಗ ತನ್ನ ಮನೆಯ ಮೊದಲ ಮಹಡಿಗೆ ಬಾಡಿಗೆಗೆ ಬಂದ ಮೇಘಶ್ರೀಯನ್ನು ಬಿಟ್ಟಾಳೆಯೇ?

ಮೇಘಶ್ರೀ ಬನಶಂಕರಿಯ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಪೆಟ್ಟು ಬಿದ್ದವರಿಗೆ, ಆಪರೇಷನ್ ಆದವರಿಗೆ ವ್ಯಾಯಾಮ ಮಾಡಿಸಿ ಮತ್ತೆ ಬಲ ಬರಿಸುವ ಕೆಲಸ ಅವಳದು. ಅಪ್ಪ ಅಮ್ಮ ಹಗಲೆಲ್ಲ ಅಂಗಡಿಯಲ್ಲಿರುವುದರಿಂದ ಅಕ್ಕಯಮ್ಮನ ಕೈಯಲ್ಲೇ ಬೆಳೆದ ಮೊಮ್ಮಗಳು ಚೈತ್ರ ಪಿಯುಸಿ ಓದುತ್ತಾಳೆ, ಕಾಲೇಜಿನ ಖೋ ಖೋ ತಂಡದಲ್ಲಿ ಆಡುತ್ತಾಳೆ. ಆರು ತಿಂಗಳ ಹಿಂದೆ ಕಂಬದ ಹತ್ತಿರ ಗಕ್ಕನೆ ತಿರುಗುವಾಗ ಎಡ ಮಂಡಿಯೊಳಗೆ ಮೂಳೆಗಳನ್ನು ಬಿಗಿದಿಡುವ ಲಿಗಮೆಂಟ್ ಹರಿಯಿತು. ಆಪರೇಷನ್ ಮಾಡಿ ಹೊಸದು ಕೂರಿಸಿದರು, ಗಾಯ ಮಾಗಿತು. ನಡೆಯಲು ಬಂತಲ್ಲ, ಇನ್ನೇನು ಎಂದು ಆಸ್ಪತ್ರೆಯ ವ್ಯಾಯಾಮವನ್ನು ಎರಡೇ ತಿಂಗಳಿಗೆ ಬಿಟ್ಟರು. ಆಮೇಲೆ ಮೇಘಶ್ರೀಯೇ ಕರೆದು, ವಾರಕ್ಕೆ ಮೂರು ದಿನ ಟೆರೇಸಿನ ಮೇಲೆ ವ್ಯಾಯಾಮ ಮಾಡಿಸತೊಡಗಿದಳು. ಅದಕ್ಕೆ ಏನೂ ಕೇಳುತ್ತಿರಲಿಲ್ಲ. ಅಕ್ಕಯಮ್ಮನಿಗೆ ಮೊದಲು ಚುಚ್ಚಿದ್ದೇ ಅದು. ಈ ಕಾಲದಲ್ಲಿ ಸುಮ್ಮಸುಮ್ಮನೆ ಯಾರು ಯಾರಿಗೆ ಏನು ಮಾಡುತ್ತಾರೆ?

ಭಾನುವಾರ ಜಯನಗರದಲ್ಲಿ ಕಾಲೇಜುಗಳ ಪಂದ್ಯಾವಳಿ. ಚೈತ್ರ ಆಡಿಯೇ ತೀರುತ್ತೇನೆ ಅನ್ನುತ್ತಾಳೆ. ಮೇಘಶ್ರೀ ಬೇಡವೇ ಬೇಡ ಅನ್ನುತ್ತಾಳೆ.

"ಮಗು ಚಿಗರೆ ಹಂಗೆ ಓಡಾಡ್ತಾವಳೆ. ಈ ಮೇಘಶ್ರೀಗೇನಂತೆ ಸಂಕಟ?" ಎಂದು ಅಕ್ಕಯಮ್ಮ ಬಾಗಿಲಲ್ಲಿ ಕನಕಾಂಬರ ಕಟ್ಟುತ್ತಾ ಪಕ್ಕದ ಮನೆ ಗೌರಮ್ಮನ ಹತ್ತಿರ ಗೊಣಗಿದಳು.

ಗೌರಮ್ಮ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದಳು. "ಹೇಳ್ಬಾರ್ದು ಅಂದ್ಕೊಂಡಿದ್ದೆ ಅಕ್ಕಾ. ಮೊನ್ನೆ ಬಟ್ಟೆ ಹರವೋಕೆ ನಮ್ಮ ಟೆರೇಸ್ ಹತ್ತಿದ್ನಾ, ನಿಮ್ಮ ಚೈತ್ರ ಕಣ್ಣು ಮುಚ್ಕೊಂಡು ಒಂಟಿ ಕಾಲಲ್ಲಿ ನಿಂತಿದ್ಲು. ಆಯಮ್ಮ ಪಕ್ಕದಲ್ಲಿ ಏನೋ ಎಣಿಸ್ತಿದ್ಲು. ಆಮೇಲೆ ತೊಡೆ ಸುತ್ತಾ ಅಳತೆ ತಗೊಂಡ್ಲು. ನೆಲದ ಮೇಲೆ ಬಿಳೀ ಗೆರೆ ಬೇರೆ!"

"ಗೆರೆನಾ?"

"ಗೆರೆ ಕಣಕ್ಕಾ. ನಂಗ್ಯಾಕೋ ಸರಿ ಕಾಣ್ಲಿಲ್ಲ."

ಅಕ್ಕಯಮ್ಮ ಒಂದೊಂದೇ ಬೆರಳು ಮಡಚಿದಳು. ಒಂಟಿ ಕಾಲು, ಮುಚ್ಚಿದ ಕಣ್ಣು, ಮೈ ಅಳತೆ, ನೆಲದ ಮೇಲೆ ಗೆರೆ! ಹೂವು, ದಾರದ ಉಂಡೆ ಎಲ್ಲವನ್ನೂ ಮಡಿಲಿಗೆ ತುರುಕಿಕೊಂಡು ಒಂದೇ ಉಸಿರಿಗೆ ಮೂರು ಮಹಡಿ ಹತ್ತಿದಳು.

ಟೆರೇಸಿನ ಮೇಲೆ ಸೀಮೆಸುಣ್ಣದ ಎರಡು ಗೆರೆಗಳಿದ್ದವು, ಒಂದು ದೂರ, ಒಂದು ಹತ್ತಿರ. ಚೈತ್ರ ಬೆವರು ಒರೆಸಿಕೊಳ್ಳುತ್ತಿದ್ದಳು.

"ಏನವ್ವಾ ಮೇಘಶ್ರೀ, ನಮ್ಮನೇಲಿ ಇದ್ಕೊಂಡು ನಮ್ಮ ಮಗೂಗೇ ಮಾಟ ಮಾಡ್ತೀಯಾ?"

ಮೇಘಶ್ರೀಗೆ ನಗು ಬಂದರೂ ತಡೆದುಕೊಂಡಳು. "ಬನ್ನಿ ಅಜ್ಜಿ, ಕೂತ್ಕೊಳ್ಳಿ. ಆ ದೂರದ ಗೆರೆ ಇದೆಯಲ್ಲ, ಅದು ಚೈತ್ರ ಬಲಗಾಲಲ್ಲಿ ಕುಪ್ಪಳಿಸಿದ ದೂರ. ಹತ್ತಿರದ್ದು ಎಡಗಾಲಿನದು. ಎರಡೂ ಹೆಚ್ಚುಕಮ್ಮಿ ಒಂದೇ ಕಡೆ ಬರಬೇಕು. ಕಣ್ಣು ಮುಚ್ಚಿ ನಿಲ್ಲಿಸೋದು ಹತೋಟಿ ಇದೆಯಾ ಅಂತ ನೋಡೋಕೆ. ಇದ್ಯಾವುದೂ ಸರಿಯಾಗದೆ ಅಂಗಳಕ್ಕೆ ಇಳಿದ್ರೆ ಮಂಡಿ ಮತ್ತೆ ಹೋಗುತ್ತೆ."

"ನಡೀತಾಳಲ್ಲ!"

"ನಡೆಯೋದು ಬೇರೆ, ಓಡ್ತಾ ಗಕ್ಕಂತ ತಿರುಗೋದು ಬೇರೆ. ಈ ಮನೆಗೆ ಕಾಂಕ್ರೀಟ್ ಮೋಲ್ಡ್ ಹಾಕಿದ ಮಾರನೇ ದಿನಾನೇ ಕೆಳಗೆ ಆಸರೆ ಕೊಟ್ಟ ಸೆಂಟ್ರಿಂಗ್ ಹಲಗೆ ಬಿಚ್ಚಿದ್ರಾ ಅಜ್ಜಿ?"

"ಬಿಚ್ಚಿದ್ರೆ ತಲೆ ಮೇಲೆ ಬೀಳ್ತದೆ! ಮೇಲ್ಗಡೆ ಒಣಗಿದಂಗೆ ಕಂಡ್ರೂ ದಿನಾ ನೀರು ಕಟ್ಟಿ ಕಾದ್ವಿ."

"ಮಂಡಿಯೊಳಗೆ ಹೊಸದಾಗಿ ಕೂರಿಸಿದ ಲಿಗಮೆಂಟೂ ಹಾಗೇ. ಗಟ್ಟಿಯಾಗೋಕೆ ಒಂಬತ್ತು ತಿಂಗಳಾದ್ರೂ ಬೇಕು. ಆಮೇಲೂ ಪರೀಕ್ಷೆ ಮಾಡಿ, ಡಾಕ್ಟರ್ ಒಪ್ಪಿದ್ರೆ ಮಾತ್ರ ಆಟ. ಇವಳ ಎಡತೊಡೆ ಇನ್ನೂ ಸೊರಗಿದೆ."

ಬಾಯಿಮಾತಿಗೆ ಅಕ್ಕಯಮ್ಮ ಜಗ್ಗುವವಳಲ್ಲ. ಮೇಘಶ್ರೀಯ ಅಳತೆ ಟೇಪನ್ನೂ ನಂಬಲಿಲ್ಲ. ಮಡಿಲಿಂದ ಹೂವಿನ ದಾರ ತೆಗೆದು, ಮೊಮ್ಮಗಳ ಬಲ ಮಂಡಿಯ ಮೇಲೆ ಒಂದು ಗೇಣು ಅಳೆದು, ತೊಡೆಗೆ ಸುತ್ತಿ ಗಂಟು ಹಾಕಿದಳು. ಅದೇ ಅಳತೆಯ ದಾರವನ್ನು ಎಡತೊಡೆಗೆ ಸುತ್ತಿದಳು. ಎರಡು ಬೆರಳು ದಾರ ಮಿಕ್ಕಿತು. ಇನ್ನೊಮ್ಮೆ ಸುತ್ತಿದಳು. ಮತ್ತೆ ಎರಡು ಬೆರಳು.

ಎಣ್ಣೆ ಹಚ್ಚಿ ತಟ್ಟಿ ಬೆಳೆಸಿದ ಕಾಲು ಅದು.

"ನಿಜ ಹೇಳು ಚೈತ್ರಾ, ನೋವು ಬತ್ತದಾ?"

ಚೈತ್ರ ತಲೆ ತಗ್ಗಿಸಿದಳು. ಟ್ರ್ಯಾಕ್ ಪ್ಯಾಂಟಿನ ಜೇಬಿನಿಂದ ಒಂದು ಮಾತ್ರೆಯ ಪಟ್ಟಿ ತೆಗೆದಳು. ಅರ್ಧ ಖಾಲಿಯಾಗಿತ್ತು. "ಮೆಡಿಕಲ್ ಶಾಪಲ್ಲಿ ತಗೊಂಡೆ. ಒಂದು ನುಂಗಿದ್ರೆ ಪ್ರಾಕ್ಟೀಸ್ ಮುಗಿಯೋವರೆಗೂ ನೋವು ಗೊತ್ತಾಗಲ್ಲ ಅಜ್ಜಿ."

"ನೋವು ಗೊತ್ತಾಗದೇ ಇರೋದೇ ಅಪಾಯ," ಎಂದಳು ಮೇಘಶ್ರೀ. "ಒಳಗೆ ಏಟು ಬೀಳ್ತಾ ಇದ್ರೂ ನೀನು ಓಡ್ತಾನೇ ಇರ್ತೀಯ."

ಅಕ್ಕಯಮ್ಮನ ಅನುಮಾನ ಈಗ ಸರಕ್ಕನೆ ಇನ್ನೊಂದು ಕಡೆ ತಿರುಗಿತು. "ಗೊತ್ತಾಯ್ತು! ಇದೆಲ್ಲ ಆ ಕೋಚ್ ಕೈಲಾಸ್‌ನದೇ ಕಿತಾಪತಿ. ಕಪ್ ಗೆಲ್ಲೋಕೆ ಮಗೂಗೆ ಮಾತ್ರೆ ತಿನ್ನಿಸ್ತಾವ್ನೆ. ಕೊಡಿಲ್ಲಿ ಫೋನ್, ಅವನ ಗ್ರಹಚಾರ ಬಿಡಿಸ್ತೀನಿ."

"ಸರ್‌ದು ಏನೂ ತಪ್ಪಿಲ್ಲ ಅಜ್ಜಿ!" ಚೈತ್ರಳಿಗೆ ಅಳುವೇ ಬಂದುಬಿಟ್ಟಿತು. "ಡಾಕ್ಟರ್ ಓಕೆ ಅಂದ್ರು ಅಂತ ನಾನೇ ಸುಳ್ಳು ಹೇಳಿದೀನಿ. ನಾನಿಲ್ದೆ ಇರೋವಾಗ ಶ್ವೇತ ನನ್ನ ಜಾಗದಲ್ಲಿ ಆಡ್ತಿದಾಳೆ. ಅವಳು ಚೆನ್ನಾಗಿ ಆಡಿಬಿಟ್ರೆ? ಆಮೇಲೆ ನನ್ನ ಯಾರು ಕರೀತಾರೆ?"

ಅಯ್ಯೋ, ಊರವರನ್ನೆಲ್ಲ ಅನುಮಾನಿಸಿದ ಅಕ್ಕಯಮ್ಮ ಮನೆಯೊಳಗಿನ ಈ ಹುಡುಗಿಯನ್ನು ಮಾತ್ರ ಒಮ್ಮೆಯೂ ಅನುಮಾನಿಸಿರಲಿಲ್ಲ. ಬೈಯಲು ಬಾಯಿ ತೆರೆದವಳು ಹತ್ತಿರ ಎಳೆದು ಕೂರಿಸಿಕೊಂಡಳು. "ಇಷ್ಟು ದಿನ ಒಬ್ಳೇ ಹೆದ್ರಿಕೊಂಡಿದ್ಯಾ? ಬಾಯಿ ಬಿಡಬಾರ್ದಾಗಿತ್ತಾ?"

ಫೋನನ್ನು ಚೈತ್ರಳೇ ಮಾಡಿದಳು. "ಸರ್, ಡಾಕ್ಟರ್ ಓಕೆ ಅಂದಿಲ್ಲ. ಸುಳ್ಳು ಹೇಳಿದ್ದೆ. ಭಾನುವಾರ ಆಡೋಕಾಗಲ್ಲ."

ಆ ಕಡೆಯಿಂದ ಬಂದ ಬೈಗುಳ ಅಕ್ಕಯಮ್ಮನಿಗೂ ಕೇಳಿಸಿತು. "ಡಾಕ್ಟರ ಚೀಟಿ ಕೇಳಿ ನೋಡದೇ ಇದ್ದದ್ದು ನನ್ನ ತಪ್ಪು. ಆಡಿ ಏನಾದ್ರೂ ಆಗಿದ್ರೆ ನಿಮ್ಮ ಮನೆಯವರಿಗೆ ಏನಂತ ಮುಖ ತೋರಿಸ್ಲಿ?" ಎಂದು ಕೈಲಾಸ್ ರೇಗಾಡಿದರು. ಬೈದು ಸುಸ್ತಾದ ಮೇಲೆ ಹೇಳಿದರು: "ನಾಳೆ ಗ್ರೌಂಡಿಗೆ ಬಾ. ಓಡೋದು ಬೇಡ. ಆ ಕಂಬದ ತಿರುವು ಶ್ವೇತಂಗೆ ಬರ್ತಿಲ್ಲ. ಹೇಳ್ಕೊಡು."

ಬೇರೆ ಯಾರಿಗೆ ಬೇಕಾದರೂ ಹೇಳಿಕೊಟ್ಟಾಳು, ಆದರೆ ಶ್ವೇತಳಿಗಾ! ಆ ದಿನ ಚೈತ್ರಳಿಗೆ ಊಟ ಸೇರಲಿಲ್ಲ. ಆದರೂ ಬೆಳಗ್ಗೆ ಎದ್ದು ಹೋದಳು. ಜೊತೆಗೆ ಅಕ್ಕಯಮ್ಮ, ಕಾವಲಿಗೆ.

"ಕಾಲು ನೆಟ್ಟಗೆ ಊರಬೇಡ. ಮಂಡಿ ಸ್ವಲ್ಪ ಬಗ್ಗಿಸಿ ಊರು. ಒಂದೇ ಸಲ ತಿರುಗಬೇಡ, ಪುಟ್ಟ ಪುಟ್ಟ ಹೆಜ್ಜೆ ಇಟ್ಟು ತಿರುಗು," ಎಂದು ಚೈತ್ರ ಹೇಳುತ್ತಿದ್ದರೆ ಶ್ವೇತ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಯಾಕೆ ಇದೆಲ್ಲ ನಂಗೆ ಹೇಳ್ಕೊಡ್ತಿದೀಯ? ನಾನು ಬೀಳ್ಲಿ ಅಂತಾನಾ?"

ಚೈತ್ರಳ ಕಣ್ಣು ತುಂಬಿತು. "ಬೀಳಬಾರ್ದು ಅಂತ. ಈ ಮಂಡಿ ಹೋದಾಗ ಹೇಗಿರುತ್ತೆ ಅಂತ ನಂಗೊತ್ತು ಕಣೇ. ನಿಂಗೆ ಆಗೋದು ಬೇಡ."

ಶ್ವೇತ ಮತ್ತೆ ಕಂಬದ ಹತ್ತಿರ ಹೋಗಿ, ಮಂಡಿ ಬಗ್ಗಿಸಿ ತಿರುಗಿದಳು. ಮೊಮ್ಮಗಳು ಈ ಆರು ತಿಂಗಳಲ್ಲಿ ಬೆಳೆದದ್ದು ಅಕ್ಕಯಮ್ಮನಿಗೆ ಆಗ ಕಾಣಿಸಿತು. ಸೆರಗಿನಿಂದ ಮೂಗು ಒರೆಸಿಕೊಂಡಳು.

ಭಾನುವಾರ ತಂಡ ಸೆಮಿಫೈನಲಿನಲ್ಲಿ ಸೋತಿತು. ಗೌರಮ್ಮ ಬಾಗಿಲಿಗೇ ಬಂದಳು. "ನಿಮ್ಮ ಚೈತ್ರ ಆಡಿದ್ರೆ ಗೆದ್ದೇ ಗೆಲ್ತಿದ್ರು ಅಂತ ಎಲ್ರೂ ಅಂತಾವ್ರೆ ಅಕ್ಕಾ."

"ಗೆಲ್ತಿದ್ರೇನೋ," ಎಂದಳು ಅಕ್ಕಯಮ್ಮ. "ಕಪ್ ಕಾಲೇಜಲ್ಲಿ ಇರ್ತಿತ್ತು, ನಮ್ಮ ಮಗು ಮತ್ತೆ ಮಂಚದಲ್ಲಿ ಇರ್ತಿತ್ತು."

ಒಂಬತ್ತನೇ ತಿಂಗಳ ಪರೀಕ್ಷೆಯಲ್ಲೂ ಎಡಗಾಲು ಸ್ವಲ್ಪ ಹಿಂದೆಯೇ ಬಿತ್ತು. ಚೈತ್ರ ಒಂದು ದಿನ ಮುಖ ಊದಿಸಿಕೊಂಡಿದ್ದು, ಮಾರನೇ ದಿನ ತಾನಾಗಿಯೇ ಟೆರೇಸ್ ಹತ್ತಿದಳು. ಹನ್ನೊಂದನೇ ತಿಂಗಳಲ್ಲಿ ಡಾಕ್ಟರೂ ಮೇಘಶ್ರೀಯೂ ಒಪ್ಪಿದ ಮೇಲೆ ಅಂಗಳಕ್ಕೆ ಇಳಿದಳು. ಅವಳ ಅಪ್ಪ ಅಮ್ಮ ಅಂಗಡಿಗೆ ಬೀಗ ಹಾಕಿ ನೋಡಲು ಹೋಗಿದ್ದರು.

ಓದುವ ಅಪ್ಪಂದಿರೇ, ಅಮ್ಮಂದಿರೇ, ಅಜ್ಜಿಯರೇ, ನಿಮ್ಮ ಮನೆಯಲ್ಲೂ ಆಡುವ ಮಕ್ಕಳಿರಬಹುದು. ಗಾಯ ಮಾಗಿತು ಅಂದಮಾತ್ರಕ್ಕೆ ಕಾಲಿಗೆ ಬಲ ಬಂತು ಅಂದುಕೊಳ್ಳಬೇಡಿ. ನಡೆಯಲು ಬಂತು ಅಂತ ವ್ಯಾಯಾಮ ಬಿಡಿಸಬೇಡಿ. ನೋವಿನ ಮಾತ್ರೆ ನುಂಗಿ ಆಡಲು ಬಿಡಬೇಡಿ. ಅನುಮಾನ ಬಂದರೆ ಒಳ್ಳೆಯದೇ, ಡಾಕ್ಟರನ್ನೋ ಫಿಸಿಯೋಥೆರಪಿಸ್ಟನ್ನೋ ನೇರವಾಗಿ ಕೇಳಿ: ಎರಡೂ ಕಾಲಿನ ಬಲ ಅಳೆದಿದ್ದೀರಾ? ನಿಮ್ಮ ಮಗುವಿಗೆ ಜಾಗ ಹೋಗುವ ಭಯ ಇರುತ್ತದೆ, ಅದು ಬಾಯಿ ಬಿಡುವುದಿಲ್ಲ. ಇವತ್ತು ಸಂಜೆ ಮಗು ಆಡಿ ಮನೆಗೆ ಬಂದಾಗ, ಗೆದ್ದೆಯಾ ಎಂದು ಕೇಳುವ ಮೊದಲು, ಎಲ್ಲಾದರೂ ನೋಯುತ್ತಿದೆಯಾ ಎಂದು ಕೇಳಿ.