ಸೌಟಪ್ಪನ ಮುಳುಗಿದ ಅಡುಗೆಮನೆ

ಯುದ್ಧನೌಕೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಸೌಟು ಹಿಡಿದವನನ್ನು ಎಲ್ಲರೂ ಸೌಟಪ್ಪ ಎಂದೇ ಕರೆಯುತ್ತಿದ್ದರು. ಅವನು ನಿವೃತ್ತನಾದ ಕೆಲವು ವರ್ಷಕ್ಕೆ ನೌಕೆಗೂ ನಿವೃತ್ತಿಯಾಯಿತು. ಅದನ್ನು ಗುಜರಿಗೆ ಹಾಕಲಿಲ್ಲ. ಎಣ್ಣೆ, ತಂತಿ, ಬಾಗಿಲು ಎಲ್ಲ ಕಿತ್ತು ತೊಳೆದು, ಮೀನುಗಳಿಗೆ ಮನೆಯಾಗಲಿ, ಡೈವಿಂಗ್ ಮಾಡುವವರಿಗೆ ನೋಡಲು ಜಾಗವಾಗಲಿ ಎಂದು ಸಮುದ್ರದ ತಳಕ್ಕೆ ಇಳಿಸಿದರು.

ಮೂರು ವರ್ಷದ ಮೇಲೆ ಸೌಟಪ್ಪ ಹಟ ಹಿಡಿದ. "ನನ್ನ ಅಡುಗೆಮನೆ ಒಂದ್ಸಲ ನೋಡ್ಬೇಕು."

ಹೆಂಡತಿ ಬಟ್ಟೆ ಮಡಚುತ್ತಾ, "ಹಡಗು ತೇಲ್ತಿದ್ದಾಗ ನೆಟ್ಟಗೆ ಈಜು ಕಲೀಲಿಲ್ಲ. ಮುಳುಗಿದ ಮೇಲೆ ಕಲೀತಾರಂತೆ" ಎಂದಳು.

ಸೊಸೆ ಡೈವಿಂಗ್ ಕಲಿಸುವವಳು. ಡಾಕ್ಟರ ಚೀಟಿ ತರಿಸಿ, ಎರಡು ತಿಂಗಳು ಈಜುಕೊಳದಲ್ಲಿ ಮಾವನನ್ನು ಅರೆದು ಹದ ಮಾಡಿದಳು. ಉಸಿರು ಬಿಗಿಹಿಡಿಯಬಾರದು, ಏನನ್ನೂ ಮುಟ್ಟಬಾರದು, ಮಾತೆಲ್ಲ ಕೈಸನ್ನೆಯಲ್ಲೇ. ಅಡುಗೆಮನೆಯಲ್ಲಿ ಕ್ಯಾಪ್ಟನ್ನನಿಗೂ ಸೊಪ್ಪು ಹಾಕದವನು ಸೊಸೆ ಹೇಳಿದ್ದಕ್ಕೆಲ್ಲ ತಲೆಯಾಡಿಸಿದ.

ಒಂದು ಬೆಳಿಗ್ಗೆ ಇಬ್ಬರೂ ದೋಣಿಯಿಂದ ಇಳಿದರು. ಹಸಿರು ನೀರಿನಲ್ಲಿ ನೌಕೆ ಮೆಲ್ಲಗೆ ಮೂಡಿತು. ಪಕ್ಕದಲ್ಲಿ ಕತ್ತರಿಸಿದ್ದ ಅಗಲವಾದ ಕಂಡಿಯೊಳಗೆ ಸೊಸೆ ಟಾರ್ಚ್ ಬೆಳಕು ಬಿಟ್ಟಳು. ಅದೇ ಉದ್ದನೆಯ ಕಟ್ಟೆ, ಅದೇ ಒಲೆಯ ಗೂಡು. ಸೌಟಪ್ಪ ಹಿಗ್ಗಿ ಹೆಬ್ಬೆರಳು ಎತ್ತಿದ. ಸೊಸೆ ಗಾಬರಿಯಾಗಿ ಅವನ ತೋಳು ಹಿಡಿದು ನಿಧಾನವಾಗಿ ಮೇಲಕ್ಕೆ ಕರೆತಂದಳು.

"ಏನಾಯ್ತು ಮಾವ? ಎದೆ ನೋವಾ?"

"ಏನೂ ಇಲ್ವಲ್ಲ. ಚೆನ್ನಾಗಿದೆ ಅಂದೆ."

"ನೀರೊಳಗೆ ಹೆಬ್ಬೆರಳು ಎತ್ತಿದ್ರೆ ಮೇಲಕ್ಕೆ ಹೋಗೋಣ ಅಂತ ಅರ್ಥ. ಎಷ್ಟು ಸಲ ಹೇಳಿದೀನಿ?"

ದೋಣಿಯಲ್ಲಿ ಕೂತಿದ್ದ ಹೆಂಡತಿ, "ನಲವತ್ತು ವರ್ಷದಲ್ಲಿ ಒಂದ್ಸಲ ಏನನ್ನೋ ಹೊಗಳಿದ್ರು, ಅದೂ ಎಡವಟ್ಟಾಯ್ತು" ಎಂದಳು.

ಎರಡು ಗಂಟೆ ಸುಧಾರಿಸಿಕೊಂಡ ಮೇಲೆ ಸೊಸೆ ಮತ್ತೆ ಇಳಿಸಿದಳು. ಈ ಸಲ ಅವನು ಕೈಕಟ್ಟಿಕೊಂಡೇ ಹೋದ. ಒಲೆಯ ಗೂಡಿನಲ್ಲಿ ದಪ್ಪತುಟಿಯ ದೊಡ್ಡ ಮೀನೊಂದು ಹಾಯಾಗಿತ್ತು. ಇವನನ್ನು ಕಂಡು ಹೊರಬಂದು ಕಂಡಿಗೆ ಅಡ್ಡ ನಿಂತಿತು. ಹೊತ್ತಿಗೆ ಮುಂಚೆ ಹಸಿದು ಬಂದ ನಾವಿಕರನ್ನು ತಾನು ತಡೆಯುತ್ತಿದ್ದುದೂ ಹೀಗೆಯೇ. ಸೌಟಪ್ಪ ಒಂದು ಮಾರು ಹಿಂದೆ ಸರಿದು, ಸೊಸೆ ಸಾಕೆನ್ನುವವರೆಗೂ ತೇಲುತ್ತಾ ನೋಡಿದ. ಮುಖಕ್ಕೆ ಬಿಗಿದ ಕನ್ನಡಕದೊಳಗೆ ಕಣ್ಣೊರೆಸಿಕೊಳ್ಳಲು ದಾರಿಯಿಲ್ಲವೆಂದು ಆಗ ಗೊತ್ತಾಯಿತು.

ದೋಣಿ ಹತ್ತಿ, "ಒಂದು ಮೀನು ನನ್ನ ಒಳಗೆ ಬಿಡ್ಲೇ ಇಲ್ಲ ಕಣೇ" ಎಂದ.

"ಹೆಣ್ಣು ಮೀನೇ ಇರ್ಬೇಕು" ಎಂದು ಹೆಂಡತಿ ಟವೆಲ್ ಕೊಟ್ಟಳು. ಆಮೇಲೆ ಸ್ವಲ್ಪ ಹೊತ್ತು ನೀರನ್ನೇ ನೋಡಿ ಸೊಸೆಯತ್ತ ತಿರುಗಿದಳು.

"ನಂಗೂ ಪಾಠ ಶುರು ಮಾಡಮ್ಮ. ನನ್ನನ್ನಾದ್ರೂ ಒಳಗೆ ಬಿಡುತ್ತಾ ನೋಡೋಣ."