ಯಾರೂ ಹೂಳದ ರಮ್ ಬಾಟಲಿ

ಆ ಇಮೇಲ್ ಬಂದಾಗ ನಿವೃತ್ತ ಮೇಜರ್ ನೆವಿಲ್ ಪ್ಲಂಕೆಟ್ ಕೆನ್ಸಾಲ್ ಬೇ ಊರಿನ ಶಾಲಾ ಬಸ್ಸಿನ ಸೀಟಿಗೆ ಅಂಟಿದ್ದ ಚೂಯಿಂಗ್ ಗಮ್ ಕೆರೆಯುತ್ತಿದ್ದ. ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಕಳೆದು, ಆಮೇಲೆ ಒಂದಷ್ಟು ಕಾಲ ಈಜುಕೊಳಗಳನ್ನು ಮಾರಿ, ಕೊನೆಗೆ ಬಸ್ಸಿನ ಸ್ಟಿಯರಿಂಗ್ ಹಿಡಿದ ಮೇಲೆಯೇ ಅವನಿಗೆ ಮನಸ್ಸಿಗೆ ಒಪ್ಪುವ ಕೆಲಸ ಸಿಕ್ಕಿದ್ದು. ಎಪ್ಪತ್ತಾದರೂ ಬಿಟ್ಟಿರಲಿಲ್ಲ.

ಇಮೇಲ್ ಕಳಿಸಿದವನು ನಿವೃತ್ತ ಮೇಜರ್ ಜನರಲ್ ಆಲಿಸ್ಟರ್ ಡನ್‌ವುಡಿ. ಸೈನಿಕ ಅಕಾಡೆಮಿಯಲ್ಲಿ ಇಬ್ಬರೂ ಒಂದೇ ತಂಡ. ಡನ್‌ವುಡಿ ಆ ತಂಡದಲ್ಲಿ ಮೊದಲನೆಯವನಾಗಿ ಹೊರಬಿದ್ದಿದ್ದ, ನೆವಿಲ್ ಕೊನೆಯಿಂದ ಎರಡನೆಯವನಾಗಿ. ಸಮವಸ್ತ್ರ ಕಳಚಿ ಹನ್ನೆರಡು ವರ್ಷವಾದರೂ ಡನ್‌ವುಡಿ ತರಕಾರಿ ಚೀಟಿಯಲ್ಲೂ ಉದ್ದೇಶ, ವಿಧಾನ, ಸಮಯ ಎಂದು ಮೂರು ತಲೆಬರಹ ಹಾಕುತ್ತಾನೆಂದು ಅವನ ಹೆಂಡತಿಯೇ ಹೇಳಿಕೊಂಡು ನಗುತ್ತಿದ್ದಳು. ಈ ಇಮೇಲಿನಲ್ಲೂ ಅವು ಮೂರೂ ಇದ್ದವು. ಉದ್ದೇಶ: ರಮ್ ಬಾಟಲಿಯನ್ನು ಹೊರತೆಗೆಯುವುದು. ವಿಧಾನ: ಅಗೆತ. ಸಮಯ: ಶನಿವಾರ ಬೆಳಿಗ್ಗೆ ಹತ್ತಕ್ಕೆ.

ಓದಿ ಮುಗಿಸಿದ ನೆವಿಲ್ ಚೂಯಿಂಗ್ ಗಮ್ ಅಂಟಿದ್ದ ಸೀಟಿನ ಮೇಲೆಯೇ ಕೂತುಬಿಟ್ಟ.

ಸಂಗತಿ ಹೀಗಿತ್ತು. ಐವತ್ತು ವರ್ಷದ ಹಿಂದೆ, ತರಬೇತಿಯ ಕೊನೆಯ ವಾರ, ತಂಡದ ಇಪ್ಪತ್ತೇಳು ಮಂದಿ ಸೇರಿ ಒಂದು ರಮ್ ಬಾಟಲಿ ತಂದಿದ್ದರು. ಅದನ್ನು ಕವಾಯತು ಮೈದಾನದ ಹಿಂದೆ ಹೂತಿಟ್ಟು, ಐವತ್ತು ವರ್ಷವಾದ ಮೇಲೆ ಬದುಕಿದ್ದವರು ತೆಗೆದು ಕುಡಿಯಬೇಕೆಂಬುದು ಪ್ರತಿಜ್ಞೆ. ಕಂದಕ ತೋಡುವುದರಲ್ಲಿ ಅತಿ ಕಡಿಮೆ ಅಂಕ ತೆಗೆದ ಇಬ್ಬರು, ನೆವಿಲ್ ಮತ್ತು ಬಾರಿ ಹಾನೆಮನ್, ಹೂಳಬೇಕೆಂದು ತೀರ್ಮಾನವಾಯಿತು. ಭಾನುವಾರ ಮಧ್ಯಾಹ್ನ ಉಳಿದವರೆಲ್ಲ ಕ್ರಿಕೆಟ್ ನೋಡಲು ಹೋದಾಗ ಇವರಿಬ್ಬರೂ ಸಲಿಕೆ ಹೊತ್ತು ನಡೆದರು. ಆ ಸೀಮೆಯಲ್ಲಿ ಕಡುಬೇಸಿಗೆಯಾದ ಫೆಬ್ರುವರಿಯ ಬಿಸಿಲಿಗೆ ನೆಲ ಕಲ್ಲಾಗಿತ್ತು. ಗೇಣುದ್ದ ಅಗೆಯುವಷ್ಟರಲ್ಲಿ ಇಬ್ಬರೂ ಸುಸ್ತಾಗಿ ಕೂತರು. ಐವತ್ತು ವರ್ಷ ಇಡುವ ಮಾಲು, ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಡವೇ ಎಂದು ಬಾರಿ ಕೇಳಿದ. ಕೇಳಿದ್ದು ನ್ಯಾಯವಾಗಿಯೇ ಇತ್ತು. ನಾಲ್ಕು ಗಂಟೆಯ ಹೊತ್ತಿಗೆ ಖಾತ್ರಿ ಮಾಡಿಕೊಳ್ಳಲು ಬಾಟಲಿಯಲ್ಲಿ ಏನೂ ಉಳಿದಿರಲಿಲ್ಲ. ಬರಿಯ ಗುಂಡಿಗೆ ಮಣ್ಣು ಮುಚ್ಚಿ, ತಂಡದ ನಕಾಶೆಯಲ್ಲಿ ಜಾಗ ಗುರುತು ಹಾಕಿ, ಸಾಯುವವರೆಗೆ ಬಾಯಿ ಬಿಡುವುದಿಲ್ಲವೆಂದು ಕೈ ಕುಲುಕಿ ಎದ್ದರು.

ಬಾರಿ ಆ ಮಾತು ಉಳಿಸಿಕೊಂಡ. ನಾಲ್ಕು ವರ್ಷದ ಹಿಂದೆ ಮೀನು ಹಿಡಿಯುತ್ತ ಕೂತವನು ದೋಣಿಯಲ್ಲೇ ಹೃದಯ ನಿಂತು ಹೋದ. ಸರ್ಕಾರ ಅಕಾಡೆಮಿಯನ್ನು ಬೇರೆ ಊರಿಗೆ ಸಾಗಿಸಿ, ಆ ಜಾಗವನ್ನು ಸೈಟು ಮಾಡಿ ಮಾರಿದಾಗ ತಂಡದವರೆಲ್ಲ ಗೋಳಾಡಿ ಪತ್ರಿಕೆಗೆ ಪತ್ರ ಬರೆದಿದ್ದರು. ನೆವಿಲ್ ಮಾತ್ರ ಆ ಸಲದ ಚುನಾವಣೆಯಲ್ಲಿ ಸರ್ಕಾರಕ್ಕೇ ಓಟು ಹಾಕಿ ಬಂದಿದ್ದ.

ಈಗ ನೋಡಿದರೆ ಕೆಲ್ವಿನ್ ಟ್ರೆಗೊ ಜಾಗ ಗುರುತಿಸಿಬಿಟ್ಟಿದ್ದಾನೆ. ತಂಡದಲ್ಲಿ ನಕಾಶೆ ಓದುವುದಕ್ಕೆ ಬಹುಮಾನ ಪಡೆದವನು ಕೆಲ್ವಿನ್. ಹಳೆಯ ನಕಾಶೆಯನ್ನೂ ಹೊಸ ಉಪಗ್ರಹ ಚಿತ್ರವನ್ನೂ ಒಂದರ ಮೇಲೊಂದಿಟ್ಟು, ಬ್ಯಾಂಕ್ಸಿಯಾ ಬೀದಿಯ ಹದಿನಾಲ್ಕನೇ ನಂಬರ್ ಮನೆಯ ಹಿತ್ತಿಲು ಎಂದು ತೋರಿಸಿದ್ದ. ಮನೆಯೊಡತಿ ಡೆಸ್ಪಿನಾ ಕಲೊಗೆರಾಸ್ ಎಂಬ ಗ್ರೀಕ್ ಮುದುಕಿಯ ಒಪ್ಪಿಗೆಯನ್ನೂ ಜನರಲ್ ಪಡೆದಾಗಿತ್ತು.

ನೆವಿಲ್ ತನ್ನ ಹೆಂಡತಿ ಜಾಯ್ ಮುಂದೆ ಎಲ್ಲವನ್ನೂ ಕಕ್ಕಿದ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

"ಹೇಳ್ಬಿಡು. ಎಪ್ಪತ್ತು ವರ್ಷದವನಿಗೆ ಏನ್ ಶಿಕ್ಷೆ ಕೊಡ್ತಾರೆ, ಮೈದಾನ ಸುತ್ತು ಓಡ್ಸಕ್ಕಾಗತ್ತಾ?"

"ಡನ್‌ವುಡಿ ಓಡಿಸ್ತಾನೆ ಕಣೆ. ನಿಂಗೆ ಅವ್ನು ಗೊತ್ತಿಲ್ಲ."

ನಿಜ ಹೇಳುವ ಬದಲು ನೆವಿಲ್ ಊರಿನ ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಜಾಲಾಡಿ, ಅದೇ ಕಾಲದ ಖಾಲಿ ಬಾಟಲಿಯೊಂದನ್ನು ಹುಡುಕಿದ. ಹೊಸ ರಮ್ ತುಂಬಿ, ಬಿರಡೆ ಜಡಿದು, ಮೇಣ ಹಚ್ಚಿ, ಮೂರು ದಿನ ಗೊಬ್ಬರದ ತೊಟ್ಟಿಯಲ್ಲಿಟ್ಟು ಹಳತು ಮಾಡಿದ. ಗುರುವಾರ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಇಳಿಸಿ, ಬಾಟಲಿಯನ್ನು ಕೋಟಿನೊಳಗೆ ಅಡಗಿಸಿಕೊಂಡು, ಕೈಯಲ್ಲೊಂದು ಸಲಿಕೆ ಹಿಡಿದು ಬ್ಯಾಂಕ್ಸಿಯಾ ಬೀದಿಗೆ ಹೋದ. ಕರೆಗಂಟೆ ಒತ್ತಿದರೂ ಯಾರೂ ಬರಲಿಲ್ಲ. ಪಕ್ಕದ ಗೇಟಿನಿಂದ ಹಿತ್ತಿಲಿಗೆ ನುಸುಳಿದರೆ ಟೊಮೆಟೊ ಗಿಡಗಳ ನಡುವಿನಿಂದ ಒಂದು ಒಣಹುಲ್ಲಿನ ಟೋಪಿ ಮೇಲೆದ್ದಿತು.

ತಾನು ನೀರಿನ ಕೊಳವೆ ಪರೀಕ್ಷೆಗೆ ಬಂದವನೆಂದು ನೆವಿಲ್ ಹೇಳಿದ.

ಡೆಸ್ಪಿನಾ ಎದ್ದು ನಿಂತರೂ ಅವನ ಎದೆಮಟ್ಟಕ್ಕೆ ಬರುತ್ತಿರಲಿಲ್ಲ. ಎಂಬತ್ತೆರಡು ವರ್ಷ. ಅವನನ್ನೂ, ಸಲಿಕೆಯನ್ನೂ, ಬೇಲಿಯಾಚೆ ನಿಂತಿದ್ದ ಹಳದಿ ವಾಹನವನ್ನೂ ಸಾವಕಾಶವಾಗಿ ನೋಡಿದಳು.

"ನೀರಿನೋರು ಸ್ಕೂಲ್ ಬಸ್ಸಲ್ಲಿ ಬರ್ತಾರಾ?" ಎಂದಳು. "ಕೋಟಿನೊಳಗೆ ಏನಪ್ಪಾ ಅದು, ಕೊಳವೇನಾ?"

ಐವತ್ತು ವರ್ಷ ಕಾಪಾಡಿಕೊಂಡು ಬಂದ ಗುಟ್ಟು ಒಂದೇ ವಾರದಲ್ಲಿ ಎರಡನೇ ಹೆಂಗಸಿನ ಪಾಲಾಯಿತು. ಮುದುಕಿ ನಗಲಿಲ್ಲ. ಮಡಿದ ಬಾರಿಯ ಹೆಸರು ಕೇಳಿದಾಗ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ಆಮೇಲೆ, ಶನಿವಾರ ಎಷ್ಟು ಗಂಡಸರು ಬರುತ್ತಾರೆ ಎಂದು ವಿಚಾರಿಸಿದಳು. ಒಂಬತ್ತು ಎಂದ ನೆವಿಲ್. ಎಲ್ಲರಿಗೂ ಸಲಿಕೆ ಇದೆಯೇ? ಇದೆ. ಹಾಗಾದರೆ ಬಾಟಲಿಯನ್ನು ತಾನೇ ಹೂತಿಡುತ್ತೇನೆ, ನೀನು ಕೋಳಿಗೂಡು ಗುಡಿಸಿ ಹೋಗು ಎಂದಳು. ಎಲ್ಲಿ ಹೂಳುತ್ತೀರೆಂದು ನೆವಿಲ್ ಕೇಳಿದ್ದಕ್ಕೆ, ಅದು ನಿನಗೆ ಗೊತ್ತಿಲ್ಲದಿದ್ದರೇ ನಿನ್ನ ಮುಖ ಗುಟ್ಟು ಬಿಟ್ಟುಕೊಡುವುದಿಲ್ಲ ಎಂದು ಉತ್ತರಿಸಿದಳು.

ಶನಿವಾರ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಒಂಬತ್ತು ಮಂದಿಯೂ ಗೇಟಿನ ಮುಂದೆ ಸೇರಿದ್ದರು. ಒಬ್ಬನಿಗೆ ಹೊಸ ಮಂಡಿ, ಇಬ್ಬರಿಗೆ ಕಿವಿಯ ಯಂತ್ರ, ಒಬ್ಬ ವೈದ್ಯರ ಚೀಟಿಯನ್ನೇ ತಂದಿದ್ದ. ಜನರಲ್ ಇಸ್ತ್ರಿ ಮಾಡಿದ ಚಡ್ಡಿ ಹಾಕಿಕೊಂಡು, ಹಲಗೆಯ ಮೇಲೆ ನಕಾಶೆ ಅಂಟಿಸಿ, ಕಾರ್ಯಾಚರಣೆಯನ್ನು ವಿವರಿಸಿದ. ಕೆಲ್ವಿನ್ ಹೆಜ್ಜೆ ಎಣಿಸಿ ನಿಂಬೆಮರದ ಪಕ್ಕದಲ್ಲಿ ಗೂಟ ಹೊಡೆದ. ಎಲ್ಲರೂ ಅಲ್ಲಿ ಅಗೆದರು. ಏನೂ ಸಿಗಲಿಲ್ಲ.

ಡೆಸ್ಪಿನಾ ಮೆಟ್ಟಿಲ ಮೇಲೆ ಕೂತು ಕಾಳು ಸುಲಿಯುತ್ತಿದ್ದಳು. ನೆಲ ಜರುಗುತ್ತದೆ, ಸ್ವಲ್ಪ ಎಡಕ್ಕೆ ನೋಡಿ ಎಂದಳು. ಎಡಕ್ಕೆ ಅಗೆದರು. ಬೇಲಿಯ ಉದ್ದಕ್ಕೂ ಪ್ರಯತ್ನಿಸಿ ಎಂದಳು, ಬೇಲಿಯ ಉದ್ದಕ್ಕೂ ಅಗೆದರು. ಬೇರುಗಳನ್ನು ಕಿತ್ತು ಒಂದು ಕಡೆ ಹಾಕಿ, ಹೆಂಟೆ ಒಡೆದು ನೋಡಿ, ಒಳಗೆ ಸೇರಿಕೊಂಡಿರಬಹುದು ಎಂದಳು. ಹೆಂಟೆಯೊಳಗೆ ಬಾಟಲಿ ಹೇಗೆ ಸೇರುತ್ತದೆಂದು ಕೇಳುವ ಧೈರ್ಯ ಗುಂಪಿನಲ್ಲಿದ್ದ ಇಬ್ಬರು ನಿವೃತ್ತ ಕರ್ನಲ್‌ಗಳಿಗೂ ಬರಲಿಲ್ಲ. ಒಂದು ಗಂಟೆಯ ಹೊತ್ತಿಗೆ ಹಿತ್ತಿಲು ಬಿತ್ತನೆಗೆ ಹದವಾದ ಹೊಲದಂತೆ ಕಾಣುತ್ತಿತ್ತು. ಜನರಲ್‌ನ ಆಜ್ಞೆ ಯಾರೂ ಕೇಳುತ್ತಿರಲಿಲ್ಲ. ಎಲ್ಲರೂ ಮುದುಕಿಯ ಬೆರಳನ್ನೇ ನೋಡುತ್ತಿದ್ದರು.

ಎಲ್ಲರಿಗಿಂತ ಕೆಲ್ವಿನ್ ಕಂಗಾಲಾಗಿದ್ದ. ನಕಾಶೆ ತಿರುಗಿಸಿ ತಿರುಗಿಸಿ ನೋಡುತ್ತ, ಬೆವರೊರೆಸಿಕೊಳ್ಳುತ್ತ, ಗೂಟದ ಸುತ್ತ ಸುತ್ತುತ್ತಿದ್ದ. ಅವನ ಮುಖ ನೋಡಲಾರದೆ ನೆವಿಲ್ ಬೇಲಿಯ ಕಡೆ ತಿರುಗಿ ಅಗೆಯತೊಡಗಿದ.

ಕಡೆಗೆ, ಡೆಸ್ಪಿನಾ ಬೀನ್ಸ್ ಹಾಕಬೇಕೆಂದಿದ್ದ ಕೊನೆಯ ಮೂಲೆಯೂ ಅಗೆದಾದ ಮೇಲೆ, ಸಲಿಕೆಗೆ ಗಾಜು ತಾಗಿದ ಸದ್ದು ಬಂತು. ಒಂಬತ್ತು ಮಂದಿ ಮಂಡಿಯೂರಿದರು. ಜನರಲ್ ಮಣ್ಣೊರೆಸಿ, ಮೇಣ ಕೆತ್ತಿ, ಬಿರಡೆ ತೆಗೆದು ಮೂಸಿದ. ಒಂದು ಗುಟುಕು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ.

"ನೋಡ್ರೋ, ಇದಕ್ಕೆ ಅನ್ನೋದು ವಯಸ್ಸಿನ ರುಚಿ ಅಂತ," ಎಂದ. "ಇವತ್ತಿನ ರಮ್ಮಲ್ಲಿ ಇದು ಎಲ್ಲಿಂದ ಬರಬೇಕು?"

ಬಾಟಲಿ ಕೈಯಿಂದ ಕೈಗೆ ಹೋಯಿತು. ಎಲ್ಲರಿಗೂ ವಯಸ್ಸಿನ ರುಚಿ ಸಿಕ್ಕಿತು. ಕೆಲ್ವಿನ್ ಮಾತ್ರ ಕುಡಿಯಲಿಲ್ಲ.

"ಹದಿನೆಂಟು ಮೀಟರ್ ತಪ್ಪು," ಎಂದ. "ಮತ್ತೆ ತಪ್ಪಿದ್ದೀನಿ."

ಮತ್ತೆ ಎಂದರೇನು ಎಂದು ಯಾರೋ ಕೇಳಿದರು. ಕೆಲ್ವಿನ್ ಅಗೆದ ಮಣ್ಣಿನ ಮೇಲೆ ಕುಸಿದು ಕೂತು ಹೇಳಿದ. ಅಕಾಡೆಮಿ ಬಿಟ್ಟ ಮೂರು ತಿಂಗಳಿಗೆ ಅವನು ಒಬ್ಬನೇ ಬಂದು ಆ ಬಾಟಲಿಯನ್ನು ಕದಿಯಲು ನೋಡಿದ್ದ. ಅಗೆದರೆ ಏನೂ ಇರಲಿಲ್ಲ. ನಕಾಶೆಯ ಬಹುಮಾನ ಪಡೆದವನಿಗೆ ಬಾಟಲಿ ಹೂತ ಜಾಗ ಸಿಗಲಿಲ್ಲವೆಂದರೆ ನಾಳೆ ಸೈನಿಕರನ್ನು ಎಲ್ಲಿಗೆ ಕರೆದೊಯ್ಯುತ್ತೇನೋ ಎಂದು ಹೆದರಿ, ಸರ್ವೆ ವಿಭಾಗ ಬಿಟ್ಟು ಉಗ್ರಾಣಕ್ಕೆ ವರ್ಗ ಕೇಳಿಕೊಂಡ. ಮೂವತ್ತು ವರ್ಷ ಕಂಬಳಿ, ಬೂಟು ಎಣಿಸಿ ಮನೆಗೆ ಬಂದ.

ಡೆಸ್ಪಿನಾ ಕಾಳು ಸುಲಿಯುವುದು ನಿಲ್ಲಿಸಿ ನೆವಿಲ್‌ನನ್ನೇ ದಿಟ್ಟಿಸಿದಳು.

"ಕೆಲ್ವಿನ್, ನೀನು ತಪ್ಪಿರ್ಲಿಲ್ಲ ಕಣೋ," ಎಂದ ನೆವಿಲ್. "ಅಲ್ಲಿ ಬಾಟಲಿ ಇರ್ಲೇ ಇಲ್ಲ. ನಾನೂ ಬಾರೀನೂ ಅವತ್ತೇ ಕುಡಿದ್ಬಿಟ್ವಿ. ಇದು ಮೊನ್ನೆ ಸೂಪರ್‌ಮಾರ್ಕೆಟ್ಟಿಂದ ತಂದಿದ್ದು."

ಜನರಲ್ ಮುಖ ಮೊದಲು ಬೆಳ್ಳಗಾಗಿ ಆಮೇಲೆ ಕೆಂಪಾಯಿತು. ವಯಸ್ಸಿನ ರುಚಿಯ ಮಾತು ಅವನಿಗೂ ನೆನಪಿತ್ತು, ಉಳಿದವರಿಗೂ ನೆನಪಿತ್ತು. ಮೊದಲು ನಕ್ಕವನು ಹೊಸ ಮಂಡಿಯವನು. ನಕ್ಕು ಮಣ್ಣಿನಲ್ಲಿ ಹೊರಳಿದ ಮೇಲೆ ಅವನನ್ನು ಎಬ್ಬಿಸಲು ನಾಲ್ವರು ಬೇಕಾದರು.

ಕೆಲ್ವಿನ್ ಎದ್ದು ಬಂದು ನೆವಿಲ್‌ನ ಅಂಗಿಯ ಕಾಲರ್ ಹಿಡಿದ. ಹೊಡೆಯುತ್ತಾನೆಂದೇ ಎಲ್ಲರೂ ಅಂದುಕೊಂಡರು. ನೆವಿಲ್ ಕಣ್ಣು ಮುಚ್ಚಿಕೊಂಡ.

"ಗುಂಡಿ ಎಲ್ಲಿ ತೋಡಿದ್ರಿ, ಸರಿಯಾಗಿ ತೋರಿಸು," ಎಂದ ಕೆಲ್ವಿನ್.

ನೆವಿಲ್ ಸುತ್ತ ನೋಡಿ ಲೆಕ್ಕ ಹಾಕಿ, ನಿಂಬೆಮರದ ಹತ್ತಿರ ನಡೆದು, ಇಲ್ಲೇ ಎಂದು ಕಾಲೂರಿದ. ಕಾಲಿನ ಹೆಬ್ಬೆರಳು ಕೆಲ್ವಿನ್‌ನ ಗೂಟಕ್ಕೆ ತಾಗುತ್ತಿತ್ತು. ಕೆಲ್ವಿನ್ ಬಗ್ಗಿ ಆ ಗೂಟವನ್ನು ಮುಟ್ಟಿ ನೋಡಿದ. ಕೆನ್ನೆಯ ಮೇಲೆ ಇಳಿದದ್ದನ್ನು ಮಣ್ಣಿನ ಕೈಯಿಂದಲೇ ಒರೆಸಿಕೊಂಡ. ಆಮೇಲೆ ಜೇಬಿನಿಂದ ಫೋನ್ ತೆಗೆದು ಹೆಂಡತಿಗೆ ಮಾಡಿ, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಆಕೆ, ಸರಿ, ಬರುವಾಗ ಬ್ರೆಡ್ ತನ್ನಿ ಎಂದಳಂತೆ.

ಡೆಸ್ಪಿನಾ ಅನ್ನ ತುಂಬಿ ಬೇಯಿಸಿದ ಟೊಮೆಟೊಗಳ ದೊಡ್ಡ ತಟ್ಟೆಯನ್ನು ಹೊರಗೆ ತಂದಳು. ಬಾರಿಯ ಹೆಸರು ಹೇಳಿ ಸೂಪರ್‌ಮಾರ್ಕೆಟ್ಟಿನ ರಮ್ಮನ್ನು ಒಂಬತ್ತು ಮಂದಿಯೂ ಖಾಲಿ ಮಾಡಿದರು, ಅವಳೂ ಒಂದು ಲೋಟ ತೆಗೆದುಕೊಂಡಳು. ಊಟವಾದ ಮೇಲೆ ಜನರಲ್ ಗಂಟಲು ಸರಿಮಾಡಿಕೊಂಡು, ಮೇಜರ್ ಪ್ಲಂಕೆಟ್‌ಗೆ ಶಿಕ್ಷೆಯೇನೆಂದು ತಾನು ಯೋಚಿಸುತ್ತಿರುವುದಾಗಿ ಹೇಳಿದ.

"ನೀವು ಯೋಚಿಸ್ತಾ ಇರಿ," ಎಂದಳು ಡೆಸ್ಪಿನಾ, ಬೀಜದ ಬುಟ್ಟಿಯನ್ನು ಜನರಲ್‌ನ ಕೈಗೇ ಕೊಡುತ್ತ. "ಒಂದೊಂದು ಗೇಣಿಗೆ ಒಂದು ಬೀಜ. ಸಾಲು ನೆಟ್ಟಗಿರ್ಬೇಕು."

ಜನರಲ್ ಬುಟ್ಟಿಯನ್ನು ನೋಡಿದ, ಹಿತ್ತಿಲನ್ನು ನೋಡಿದ, ಬಗ್ಗಿದ. ಅವನ ಹಿಂದೆ ನೆವಿಲ್ ಮಣ್ಣು ಮುಚ್ಚುತ್ತ ಹೋದ. ಸಾಲು ನೆಟ್ಟಗೆ ಬರುತ್ತಿದೆಯೇ ಎಂದು ಕೆಲ್ವಿನ್ ಬೇಲಿಯ ಬಳಿ ಒಂದು ಕಣ್ಣು ಮುಚ್ಚಿ ನೋಡುತ್ತ, ಎಡಕ್ಕೆ, ಇನ್ನೂ ಎಡಕ್ಕೆ ಎಂದು ಅಪ್ಪಣೆ ಕೊಡುತ್ತಿದ್ದ.